ಟ್ರ್ಯಾಕ್ ಬೇಡ, ತಬಲಾ ಇರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ಹಾಸನದಲ್ಲಿ ನಡೆದ ಭಾವಗೀತೆಗಳ ಕಾರ್ಯಕ್ರಮದಲ್ಲಿ ನಾನೂ ಹಾಡಿದೆ. ತಬಲಾ, ಕೊಳಲು, ಕೀಬೋರ್ಡ್ ಮೂರೂ ವೇದಿಕೆಯ ಮೇಲೇ ಇದ್ದವು. ಈಗಿನ ಕಾಲಕ್ಕೆ ಇದೇ ಒಂದು ಸುದ್ದಿ; ಖರ್ಚು ಉಳಿಸಲು ಎಷ್ಟೋ ಕಡೆ ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತದ ಕರೋಕೆ ಟ್ರ್ಯಾಕ್ ಹಾಕಿ ಗಾಯಕರ ಕೈಗೆ ಮೈಕ್ ಕೊಟ್ಟುಬಿಡುತ್ತಾರೆ.

ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಅಂದು ಎರಡನೆಯ ಚರಣದ ಒಂದು ಸಾಲಿಗೆ ಸಭೆಯ ಹಿಂದಿನಿಂದ 'ಇನ್ನೊಮ್ಮೆ' ಎಂಬ ಕೂಗು ಬಂತು. ತಬಲಾದವರತ್ತ ನೋಡಿದೆ; ಅವರು ತಾಳದ ಠೇಕಾ ಬಿಡದೆ ನಕ್ಕರು. ಅದೇ ಸಾಲನ್ನು ಬೇರೆ ಸ್ವರದಿಂದ ಎತ್ತಿಕೊಂಡೆ, ಕೊಳಲು ಹಿಂಬಾಲಿಸಿತು. ಮೂರನೆಯ ಸಲ ಹಾಡುವ ಹೊತ್ತಿಗೆ ಮುಂದೆ ಕುಳಿತಿದ್ದ ಅಜ್ಜಿಯರೂ ದನಿಗೂಡಿಸಿದ್ದರು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರು ಕವಿತೆಯನ್ನು ಪುಸ್ತಕದಿಂದ ಜನರ ಬಾಯಿಗೆ ತಂದದ್ದು ಹೀಗೆ ಕೇಳುಗರನ್ನು ಜೊತೆಗಿಟ್ಟುಕೊಂಡೇ. ಅಶ್ವತ್ಥ್ ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ಇಲ್ಲಿನ ವೇದಿಕೆಗಳಲ್ಲಿ ಆ ಮಾತು ಕೇಳಿಬರುವುದೇ ಅಪರೂಪ.

ದೂರುಗಳೂ ಇವೆ. ಸನ್ಮಾನ, ಭಾಷಣ ಮುಗಿದಾಗ ರಾತ್ರಿ ಎಂಟೂವರೆ. ಕೊನೆಯ ಬಸ್ಸಿನ ಚಿಂತೆಯಲ್ಲಿ ಅರಕಲಗೂಡಿನ ಕಡೆಯವರು ಅರ್ಧಕ್ಕೇ ಎದ್ದು ಹೊರಟರು. ನಿರೂಪಕರು ಪ್ರಾಯೋಜಕರ ಹೆಸರನ್ನೆಲ್ಲ ಓದಿದರು, ಕವಿಗಳ ಹೆಸರನ್ನು ಮಾತ್ರ ನುಂಗಿದರು. ಧ್ವನಿವರ್ಧಕದವರು ಎಕೋ ಏರಿಸಿದ್ದರಿಂದ ಮೊದಲೆರಡು ಹಾಡುಗಳ ಸಾಹಿತ್ಯವೆಲ್ಲ ಕಲಸುಮೇಲೋಗರ. ಭಾವಗೀತೆಯಲ್ಲಿ ಪದವೇ ಕೇಳಿಸದಿದ್ದರೆ ಇನ್ನೇನು ಉಳಿಯಿತು?

ಮುಂದಿನ ಬಾರಿ ಭಾಷಣಗಳನ್ನು ಹಾಡುಗಳ ನಂತರ ಇಡಿ, ಹಾರ ತುರಾಯಿಗಳ ಹಣದಲ್ಲಿ ಪಿಟೀಲು ನುಡಿಸುವವರೊಬ್ಬರನ್ನು ಕರೆಸಿ ಎಂದು ಆಯೋಜಕರಲ್ಲಿ ಕೋರುತ್ತೇನೆ.

– ಓರ್ವ ಗಾಯಕಿ, ಹಾಸನ