ಎಚ್‌ಪಿ ಕೇಳಿದರು, ನೀರೆಷ್ಟು ಅಂತ ಕೇಳಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಸೋಲಾರ್ ಪಂಪ್‌ಸೆಟ್ ಬಗ್ಗೆ ನಿಮ್ಮ ಕೃಷಿ ಪುಟದಲ್ಲಿ ಬಂದ ಲೇಖನ ಓದಿದೆ. ಸಬ್ಸಿಡಿ ಲೆಕ್ಕ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಸೋಲಾರ್ ಪಂಪ್‌ಗೆ ಸಬ್ಸಿಡಿ ಕೊಡುವ ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರದ್ದು ಶೇ 30, ರಾಜ್ಯದ್ದು ಶೇ 50, ರೈತ ಕಟ್ಟುವುದು ಶೇ 20. ಆದರೆ ಬೋರಿನಲ್ಲಿ ನೀರೆಷ್ಟು ಎಂಬ ಲೆಕ್ಕ ಅದರಲ್ಲಿ ಇರಲಿಲ್ಲ. ನಾನು ಕೈ ಸುಟ್ಟುಕೊಂಡದ್ದು ಅಲ್ಲೇ.

ನಮ್ಮದು ಚಳ್ಳಕೆರೆ ತಾಲ್ಲೂಕು. ಮಳೆಗೆ ಬರ, ಬಿಸಿಲಿಗಲ್ಲ. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕೇ ಇದೆ. ನನ್ನದು ಎರಡು ಎಕರೆ ದಾಳಿಂಬೆ, 600 ಗಿಡ. ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ, ಅದರಲ್ಲಿ ರಾತ್ರಿ ಪಾಳಿಯೂ ಸೇರಿತು. ಕೈಯಲ್ಲಿ ಬ್ಯಾಟರಿ, ಕಾಲಡಿ ಹಾವಿನ ಭಯ, ಹಾಗೆ ವಾಲ್ವ್ ತಿರುಗಿಸಿ ಸಾಕಾಗಿ ಅರ್ಜಿ ಹಾಕಿದೆ. ಪಕ್ಕದ ಹೊಲದವರು 5 ಎಚ್‌ಪಿ ಹಾಕಿಸಿದ್ದರು, ನಾನೂ ಅದನ್ನೇ ಬರೆದೆ. ಅಳವಡಿಸಲು ಬಂದವರು ಬೋರಿನ ಆಳ ಕೇಳಿದರು, ಫೋಟೊ ತೆಗೆದರು, ಹೋದರು.

ಮೊದಲ ದಿನ ಹನ್ನೊಂದು ಗಂಟೆಯ ಬಿಸಿಲಿಗೆ ಪೈಪ್ ತುಂಬಾ ನೀರು ನುಗ್ಗಿತು. ನೋಡಲು ಬಂದವರಿಗೆಲ್ಲ ಟೀ ಕೊಡಿಸಿದೆ. ಇಪ್ಪತ್ತು ನಿಮಿಷ ಆಗಿರಬೇಕು, ಪೈಪಿನಲ್ಲಿ ಬರೀ ಗಾಳಿ ಬುಸುಗುಟ್ಟಿತು. ಕಂಟ್ರೋಲರ್ ಮೋಟಾರನ್ನು ತಾನೇ ನಿಲ್ಲಿಸಿತು. ಬೋರಿಗೆ ನೀರು ಊರುವುದಕ್ಕಿಂತ ಬೇಗ ಮೋಟಾರ್ ಎತ್ತುತ್ತಿತ್ತು. ಹಳೇ ಮೋಟಾರ್ ಸಣ್ಣದು, ಹಾಗಾಗಿ ಇದು ಗೊತ್ತೇ ಆಗಿರಲಿಲ್ಲ.

ಕೊನೆಗೆ ಗೇಟ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಹೋದೆ. ಧಾರೆ ಒಂದೇ ಸಮ ಬಂದಮೇಲೆ 200 ಲೀಟರಿನ ಡ್ರಮ್ ಇಟ್ಟು ಮೊಬೈಲಿನಲ್ಲಿ ಟೈಮ್ ನೋಡಿದೆ. ತುಂಬಲು ಎಂಟೂವರೆ ನಿಮಿಷ. ಅಂದರೆ ಗಂಟೆಗೆ ಸುಮಾರು 1,400 ಲೀಟರ್. ಹನಿ ನೀರಾವರಿಯ ಪೈಪಿನಲ್ಲಿ ಗಿಡಕ್ಕೆ ಎರಡು ಡ್ರಿಪ್ಪರ್, ಒಂದೊಂದಕ್ಕೆ ಗಂಟೆಗೆ 4 ಲೀಟರ್. ಒಂದು ಸಲಕ್ಕೆ 175 ಗಿಡಕ್ಕಷ್ಟೇ ಸಾಲುವ ನೀರು. ನಾನು 300 ಗಿಡಕ್ಕೆ ಬಿಡುತ್ತಿದ್ದೆ! ಸಾಲಿನ ಕೊನೆಯ ಗಿಡಗಳು ಎಲೆ ಉದುರಿಸಿದ್ದು ಸುಮ್ನೆ ಅಲ್ಲ.

ಈಗ ತೋಟವನ್ನು ನಾಲ್ಕು ಭಾಗ ಮಾಡಿ, 150 ಗಿಡಕ್ಕೆ ಒಂದು ವಾಲ್ವ್ ಇಟ್ಟಿದ್ದೇನೆ. ಹತ್ತರಿಂದ ನಾಲ್ಕರವರೆಗೆ ಒಂದೊಂದು ಭಾಗಕ್ಕೆ ಒಂದೂವರೆ ಗಂಟೆ. ಬೆಳಿಗ್ಗೆ ಮತ್ತು ನಾಲ್ಕರ ಮೇಲೆ ಮೋಟಾರಿಗೆ ದಮ್ಮು ಇರುವುದಿಲ್ಲ. ಡ್ರಿಪ್‌ಗೆ ಚದರ ಸೆಂ.ಮೀ.ಗೆ ಒಂದು ಕೆ.ಜಿ. ಒತ್ತಡ ಬೇಕು, ಕೃಷಿ ಹೊಂಡಕ್ಕೆ ಬೇಕಿಲ್ಲ. ಆ ಹೊತ್ತಿನ ನೀರು ಹೊಂಡಕ್ಕೆ. ಮೋಡದ ದಿನ ಸಣ್ಣ ಎಂಜಿನ್ ಇಟ್ಟು ಅದನ್ನೇ ಗಿಡಕ್ಕೆ ಬಿಡುವುದು. ಎತ್ತರಕ್ಕೆ ಟ್ಯಾಂಕ್ ಕಟ್ಟು, ತಾನೇ ಹರಿಯುತ್ತೆ ಅಂದವರೂ ಇದ್ದಾರೆ. ಒಂದು ಕೆ.ಜಿ. ಒತ್ತಡಕ್ಕೆ 10 ಮೀಟರ್ ಎತ್ತರ ಆಗಬೇಕು. ಅಷ್ಟು ದುಡ್ಡಿದ್ದರೆ ಸಬ್ಸಿಡಿಗೆ ಯಾಕೆ ಅಲೆಯುತ್ತಿದ್ದೆ?

ನೆರಳಿನದ್ದು ಇನ್ನೊಂದು ಕತೆ. ಬದುವಿನ ಹೊಂಗೆ ಮರದ ಪೂರ್ವಕ್ಕೇ ಸೋಲಾರ್ ಪ್ಲೇಟ್ ನಿಲ್ಲಿಸಿ ಹೋದರು. ಮೂರು ಗಂಟೆಯ ಮೇಲೆ ಒಂದು ಪ್ಲೇಟಿಗೆ ನೆರಳು ಬಿದ್ದರೆ ಇಡೀ ಸಾಲಿನ ಕರೆಂಟ್ ಇಳಿಯುತ್ತೆ. ಮರ ಕಡಿಯಲು ಅಪ್ಪ ಬಿಡಲಿಲ್ಲ. ಕೊಂಬೆ ಸವರಿದೆವು.

ನನ್ನ ಬೋರಿಗೆ 3 ಎಚ್‌ಪಿ ಧಾರಾಳ ಆಗುತ್ತಿತ್ತು. ನನ್ನ ಪಾಲೂ ಉಳಿಯುತ್ತಿತ್ತು, ಸರ್ಕಾರದ್ದೂ ಉಳಿಯುತ್ತಿತ್ತು, ಅಲ್ವಾ? ಮಂಜೂರು ಮಾಡುವ ಮುಂಚೆ ಯಾರಾದರೂ ಬಂದು ಬೋರಿನ ನೀರು ಅಳೆಯಲಿ. ಅದೂ ಏಪ್ರಿಲ್‌ನಲ್ಲಿ. ಮಳೆಗಾಲ ಮುಗಿದಾಗ ಅಳೆದರೆ ಎಲ್ಲ ಬೋರೂ ಶೂರನೇ.

ಅರ್ಜಿ ಹಾಕಬೇಕೆಂದಿರುವ ನಮ್ಮೂರಿನ ಇಬ್ಬರು ಮೊನ್ನೆ ಬಂದು ನನ್ನ ಡ್ರಮ್ ಒಯ್ದಿದ್ದಾರೆ.

— ಒಬ್ಬ ದಾಳಿಂಬೆ ಬೆಳೆಗಾರ, ಚಳ್ಳಕೆರೆ ತಾಲ್ಲೂಕು