ಧಾರಾವಾಹಿ ಡೇಟಾಬೇಸ್: ಟೇಬಲ್ ಹೀಗಿರಲಿ

ಗೆಳೆಯರೇ, ಎಲ್ಲ ಮಾಹಿತಿಯನ್ನೂ ಒಂದೇ ಟೇಬಲ್‌ಗೆ ತುರುಕಬೇಡಿ. ಧಾರಾವಾಹಿ, ಸೀಸನ್, ಕಂತು, ವ್ಯಕ್ತಿ ಎಲ್ಲ ಬೇರೆ ಬೇರೆ ಇರಲಿ.

‘ಮಾಲ್ಗುಡಿ ಡೇಸ್’ ತಗೊಳ್ಳಿ. 1980ರ ದಶಕದಲ್ಲಿ ನಿರ್ದೇಶನ ಶಂಕರ್ ನಾಗ್ ಅವರದು. 2006ರಲ್ಲಿ ಮತ್ತೆ ಬಂದಾಗ ಕವಿತಾ ಲಂಕೇಶ್. ಧಾರಾವಾಹಿ ಟೇಬಲ್‌ನಲ್ಲೇ ‘ನಿರ್ದೇಶಕ’ ಅಂತ ಕಾಲಂ ಮಾಡಿದರೆ ಒಬ್ಬರು ಹೊರಗೇ ಉಳಿಯುತ್ತಾರೆ, ಅಲ್ವಾ? ಅದಕ್ಕೇ ಕಂತಿನ ಐಡಿ, ವ್ಯಕ್ತಿಯ ಐಡಿ, ಕೆಲಸ, ಪಾತ್ರ ಇಷ್ಟು ಕಾಲಂ ಇರುವ ಇನ್ನೊಂದು ಟೇಬಲ್ ಬೇಕು. ಸ್ವಾಮಿ ಪಾತ್ರದ ಮಾಸ್ಟರ್ ಮಂಜುನಾಥ್ ಕೂಡ ಅಲ್ಲೇ ಬರುತ್ತಾರೆ.

ಪ್ರಸಾರದ ದಿನಾಂಕಕ್ಕೂ ಬೇರೆ ಟೇಬಲ್ ಮಾಡಿ. ಮರುಪ್ರಸಾರ ಇದ್ದೇ ಇರುತ್ತದೆ!

ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನಲ್ಲಿ ಅಕ್ಷರ ಸಂಕೇತಕ್ಕೆ (ಕ್ಯಾರೆಕ್ಟರ್ ಸೆಟ್) ಎಲ್ಲ ಲಿಪಿಗಳಿಗೂ ಆಗುವ ಯುಟಿಎಫ್8ಎಂಬಿ4 ಇಡಿ. ಕನ್ನಡ ಲಿಪಿಯೇ ಇಲ್ಲದ ಲ್ಯಾಟಿನ್1 ಅನ್ನೇ ಇಟ್ಟುಕೊಂಡರೆ ಕನ್ನಡ ಹೆಸರಿನ ಜಾಗದಲ್ಲಿ ಸುಮ್ನೆ ಪ್ರಶ್ನೆ ಚಿಹ್ನೆಗಳ ಸಾಲು ಬರಬಹುದು. ಬೇರೆ ಯೋಚನೆ ಇದ್ದವರು ಭಾನುವಾರದೊಳಗೆ ಇಲ್ಲೇ ಹೇಳಿ.