ಕಣ್ಣೀರಿಗೂ ದೇಶ ನೋಡಬೇಕೆ?

ಮಾನ್ಯರೇ,

ಭಯೋತ್ಪಾದಕರ ದಾಳಿಗೆ ಬಲಿಯಾದವರಿಗೆ ಮರುಗುವಾಗಲೂ ಸಾಮಾಜಿಕ ಜಾಲತಾಣಗಳಲ್ಲಿ ದೇಶ ನೋಡಿ ಮಣೆ ಹಾಕುವುದು ಬೇಸರದ ಸಂಗತಿ. 2015ರ ನವೆಂಬರ್ 13ರಂದು ಪ್ಯಾರಿಸ್‌ನಲ್ಲಿ 130 ಮಂದಿ ಸತ್ತಾಗ ಫೇಸ್‌ಬುಕ್ ಪ್ರೊಫೈಲ್ ಚಿತ್ರದ ಮೇಲೆ ಫ್ರಾನ್ಸ್ ಬಾವುಟದ ಬಣ್ಣ ಹಾಕುವ ಫಿಲ್ಟರ್ ಕೊಟ್ಟಿತು. ಕಲಬುರಗಿಯಲ್ಲೂ ಎಷ್ಟೋ ಹುಡುಗರ ಡಿಪಿ ನೀಲಿ, ಬಿಳಿ, ಕೆಂಪಾಯಿತು. ಅದು ತಪ್ಪಲ್ಲ. ಆದರೆ ಹಿಂದಿನ ದಿನವೇ ಲೆಬನಾನ್‌ನ ಬೈರೂತ್‌ನಲ್ಲಿ ಬಾಂಬ್ ಸಿಡಿದು 40ಕ್ಕೂ ಜಾಸ್ತಿ ಜನ ಸತ್ತಿದ್ದರು. ಅವರಿಗೆ ಅಂಥ ಫಿಲ್ಟರ್ ಇರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಕೆನ್ಯಾದ ಗರಿಸ್ಸಾ ವಿಶ್ವವಿದ್ಯಾಲಯದಲ್ಲಿ ಭಯೋತ್ಪಾದಕರು 148 ಮಂದಿಯನ್ನು ಕೊಂದರು. ಬಹುತೇಕರು ವಿದ್ಯಾರ್ಥಿಗಳು. ನಮ್ಮೂರಿನ ಹಾಸ್ಟೆಲ್ ಮಕ್ಕಳ ವಯಸ್ಸಿನವರೇ ಅಲ್ವಾ?

ಯಾವುದೋ ಕಂಪನಿ ಕೊಡುವ ಬಟನ್‌ಗೆ ಕಾಯುವುದು ಬೇಡ. ದಾಳಿ ಎಲ್ಲೇ ನಡೆಯಲಿ, ನಮ್ಮ ಕಾಲೇಜುಗಳು ಬೆಳಗಿನ ಪ್ರಾರ್ಥನೆಯಲ್ಲಿ ಎರಡು ನಿಮಿಷ ಮೌನ ಆಚರಿಸಲಿ. ಪತ್ರಿಕೆಗಳೂ ಇಂಥ ಸುದ್ದಿಯನ್ನು ಒಳಪುಟದ ಮೂಲೆಗೆ ತಳ್ಳದಿರಲಿ.

– ಒಬ್ಬ ಓದುಗ, ಕಲಬುರಗಿ